ಐದು ಮಂದಿಯ ದೇಶ, ಮಾವನ ‘ಚ್ಚ್’

ಮಾವನವರಿಗೆ, ನಿಮ್ಮ ಮೈಸೂರು ಸೊಸೆಯ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಕೇಳುವ ಹಾಗಿಲ್ಲ. ಕೇಳಿದರೂ ನೀವು ಬರೆಯುವವರಲ್ಲ. ಧಾರವಾಡದಿಂದ ನೀವು ಕಳಿಸುತ್ತಿದ್ದ ಏರೋಗ್ರಾಮಿನಲ್ಲಿ ಎರಡು ಸಾಲು ಬರಹ, ಉಳಿದದ್ದೆಲ್ಲ ಖಾಲಿ ನೀಲಿ. ನೀವು ಹೋಗಿ ಮೂರು ವರ್ಷವಾಯಿತು. ಮೊನ್ನೆ ಶನಿವಾರ ಇಲ್ಲಿ ಅಮೆರಿಕದಲ್ಲಿ, ಮಾರಿಸ್‌ಟೌನಿನ ನಮ್ಮ ಮನೆಗೆ ನಿಮ್ಮ ಓಟದ ಹುಡುಗಿ ಡೋರೀನ್ ಬರೆದ ಕಾಗದ ಬಂತು. ಅದರಲ್ಲಿರುವ ಸುದ್ದಿ ನನಗಲ್ಲ, ನಿಮಗೆ. ಅದನ್ನು ಮುಟ್ಟಿಸಬೇಕು. ಆದರೆ ಅದಕ್ಕೆ ಮೊದಲು ನಾನೊಂದು ತಪ್ಪು ಒಪ್ಪಿಕೊಳ್ಳುವುದಿದೆ. ಅದನ್ನು ಹೇಳದೆ ಸುದ್ದಿ ಮಾತ್ರ ಹೇಳಿದರೆ ನಾನು ಒಳ್ಳೆಯವಳಾಗಿಬಿಡುತ್ತೇನೆ.

ನೆನಪಿದೆಯೇ, ಮದುವೆಯಾಗಿ ನಿಮ್ಮ ಮನೆಗೆ ಬಂದ ಮೊದಲ ವಾರ ಬಿಸಿಬೇಳೆ ಭಾತ್ ಮಾಡಿದ್ದೆ. ನೀವು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಿರಿ. ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತ ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಬಿಡಿಸಿ ‘ಚ್ಚ್, ಚ್ಚ್, ಚ್ಚ್’ ಅಂದಿರಿ. ಈ ಸದ್ದು ಬರೆಯಲು ನಮ್ಮ ವರ್ಣಮಾಲೆಯಲ್ಲಿ ಅಕ್ಷರವೇ ಇಲ್ಲ ಮಾವ, ಹೇಗೋ ಬರೆದಿದ್ದೇನೆ. ನಮ್ಮ ಮೈಸೂರಿನ ಮನೆಯಲ್ಲಿ ಹಾಗೆ ಲೊಚಗುಟ್ಟಿದರೆ ಅಯ್ಯೋ ಪಾಪ ಎಂದರ್ಥ. ಹಾಲು ಉಕ್ಕಿಹೋದರೆ, ಯಾರದೋ ಕಾಲು ಮುರಿದರೆ ಹಾಗೆ ಮಾಡುತ್ತಿದ್ದೆವು. ನಾನು ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟು ಅತ್ತುಬಿಟ್ಟೆ. ನಿಮ್ಮ ಮಗ ಬಂದು ನಕ್ಕರು: “ಹುಚ್ಚಿ, ಅಪ್ಪಗ ಭಾಳ ಸೇರಿದಾಗ ಹಂಗ ಮಾಡ್ತಾರ. ಗಾಯನ ಕೇಳೂಮುಂದ ಕಲ್ತದ್ದು ಅದು.” ಆಮೇಲೆ ನೀವು ಮೂರು ಸಲ ಹಾಕಿಸಿಕೊಂಡು ಉಂಡದ್ದು ಕಂಡೇ ನನಗೆ ನಂಬಿಕೆ ಬಂತು.

ಮುಂದೆ ನೀವೇ ಒಂದು ಬೈಠಕ್ಕಿಗೆ ಕರೆದುಕೊಂಡು ಹೋದಿರಲ್ಲ. ಹಾಡುವವರು ಎಲ್ಲೆಲ್ಲೋ ಅಲೆದಾಡಿ, ದಾರಿ ತಪ್ಪಿದರೇನೋ ಎನ್ನುವಷ್ಟರಲ್ಲಿ ತಬಲಾದ ಮೊದಲ ಪೆಟ್ಟಿಗೆ, ಆ ಸಮ್‌ಗೆ, ಸರಿಯಾಗಿ ಬಂದು ಕೂತರು. ಮುಂದಿನ ಸಾಲಿನ ಅಷ್ಟೂ ಮುದುಕರ ಬಾಯಿಂದ ಅದೇ ‘ಚ್ಚ್’. ಚಪ್ಪಾಳೆ ಯಾಕೆ ತಟ್ಟಲಿಲ್ಲ ಎಂದು ಕೇಳಿದ್ದಕ್ಕೆ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. “ಚಪ್ಪಾಳಿ ಮುಗದ ಮ್ಯಾಲೆ ಹೊಡಿಯೂದವಾ. ಇದು ನಡದಾಗ ಬರೂದು. ನಾವು ಮಾಡೂದಲ್ಲ, ತಾನ ಬರೂದು.” ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರರಾಗಿದ್ದ ನೀವು, ಓಡುವ ಹುಡುಗರಿಗೂ ಅದನ್ನೇ ಮಾಡುತ್ತಿದ್ದಿರಂತೆ. ಅಂದರೆ ನಿಮ್ಮ ಲೊಚಗುಟ್ಟುವಿಕೆ ಏನೆಂದು ಈ ಇಡೀ ಅಮೆರಿಕದಲ್ಲಿ ನಿಮ್ಮ ಮಗನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ನೀವು ನಮ್ಮ ಜೊತೆ ಇರಲು ಇಲ್ಲಿಗೆ ಬಂದ ಮೇಲೆ, ಎಪ್ಪತ್ತಾರರ ಏಪ್ರಿಲ್‌ನಲ್ಲಿ ಆ ಐವರು ಬಂದದ್ದು. ನಾನು ಕೆಲಸ ಮಾಡುವ ಆಸ್ಪತ್ರೆಯ ನರ್ಸ್ ವರ್ನಾ ಕೆರಿಬಿಯನ್ ಸಮುದ್ರದ ಒಂದು ಚುಕ್ಕೆಯಂಥ ದ್ವೀಪದವಳು. ಆ ಚುಕ್ಕೆ ತಾನೂ ಒಂದು ದೇಶವೆಂದು ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಐದು ಜನರನ್ನು ಕಳಿಸುತ್ತಿತ್ತು. ಊರಲ್ಲಿ ಓಡಲು ಸರಿಯಾದ ಟ್ರ್ಯಾಕ್ ಇಲ್ಲವೆಂದು, ಇಲ್ಲಿ ನೆಲೆಸಿದ್ದ ಅವರ ಜನ ಚರ್ಚಿನ ಬೇಸ್‌ಮೆಂಟಿನಲ್ಲಿ ಮಂಚ ಹಾಕಿ ಇಳಿಸಿಕೊಂಡಿದ್ದರು. ನಾನು ಊಟದ ಹೊತ್ತಿನಲ್ಲಿ ಇದನ್ನು ಹೇಳಿದ್ದೇ ತಡ, ನೀವು ಕೈ ತೊಳೆದು ಅಟ್ಲಾಸ್ ತಂದಿರಿ. ಭೂತಗನ್ನಡಿ ಹಿಡಿದು ಹುಡುಕಿದಿರಿ. ದೇಶದ ಹೆಸರನ್ನು ಸಮುದ್ರದ ಮೇಲೆ ಬರೆದಿದ್ದರು, ನೆಲದ ಮೇಲೆ ಬರೆಯಲು ಜಾಗವೇ ಇರಲಿಲ್ಲ.

“ಐದು ಮಂದಿ! ಒಂದು ದೇಶಾ ಅಂದ್ರ ಐದು ಮಂದಿ!” ಎಂದಿರಿ. “ಏನ್ ಧೈರ್ಯಾನವಾ ಇವರದು. ನಮ್ಮ ಸಾಲಿಯಿಂದ ತಾಲೂಕಿಗೆ ಹೋಗಬೇಕಂದ್ರ ನಾ ಎರಡು ಲಾರಿ ಹುಡುಗರನ್ನ ಕರಕೊಂಡು ಹೋಗ್ತಿದ್ದೆ.” ಆಮೇಲೆ ಡ್ರಿಲ್ ಮಾಸ್ತರರ ಚಿಂತೆ ಶುರುವಾಯಿತು. ಐದು ಜನ ಮಾರ್ಚ್ ಮಾಡುವುದು ಹೇಗೆ? ಮೂರರ ಸಾಲೂ ಆಗದು, ಎರಡರ ಸಾಲೂ ಆಗದು. ಮಜ್ಜಿಗೆ ಅನ್ನ ಕಲೆಸುತ್ತ ಕಲೆಸುತ್ತ ನೀವೇ ಪರಿಹಾರ ಕಂಡುಕೊಂಡಿರಿ: “ಒಬ್ಬಾಂವ ಮುಂದ ಝೇಂಡಾ ಹಿಡದರ ಆತು. ಹಿಂದ ಎರಡು, ಅವರ ಹಿಂದ ಎರಡು.” ನಿಮ್ಮ ಮಗ ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಿಂದಲೇ ಫೋನ್ ಮಾಡಿ ಮಾಂಟ್ರಿಯಲ್‌ಗೆ ಹೋಗಿ ಓಟ ನೋಡಲು ಮೂರು ಟಿಕೆಟ್ ಕಾಯ್ದಿರಿಸಿದ್ದು ಆ ವಾರವೇ.

ಬೆಳಿಗ್ಗೆ ಆರೂವರೆಗೆ ನೀವು ಖಾಕಿ ಪ್ಯಾಂಟು, ಮಫ್ಲರು, ಮಗನ ಹಳೆಯ ವಿಂಟರ್ ಜಾಕೆಟ್ಟು ಹಾಕಿಕೊಂಡು ಅವರು ಅಭ್ಯಾಸ ಮಾಡುತ್ತಿದ್ದ, ನಮ್ಮ ಬೀದಿಯ ಕೊನೆಯ ಹೈಸ್ಕೂಲ್ ಮೈದಾನಕ್ಕೆ ಹೊರಡುತ್ತಿದ್ದಿರಿ. ಬೇಲಿಯ ಹೊರಗೆ, ಟ್ರ್ಯಾಕ್ ತಿರುಗುವಲ್ಲಿ ನಿಲ್ಲುತ್ತಿದ್ದಿರಿ. ನಾಲ್ಕು ನೂರು ಮೀಟರ್ ಓಡುವ ಡೋರೀನ್, ವರ್ನಾಳ ಅಕ್ಕನ ಮಗಳು, ಆ ತಿರುವಿನಲ್ಲಿ ನಿಮ್ಮೆದುರೇ ಹಾದುಹೋಗುತ್ತಿದ್ದಳು. ಮನೆಗೆ ಬಂದು ಕಾಫಿ ಆರಿಸಿಕೊಂಡು ಅವಳದೇ ಮಾತು. “ಊರಾಗ ಪೋಸ್ಟ್ ಆಫೀಸಿನಾಗ ಟಪಾಲು ವಿಂಗಡಿಸ್ತಾಳಂತ ಆಕಿ. ತಿರುವಿನಾಗ ಬರೂಮುಂದ ಕಾಲು ನೆಲಕ್ಕ ಹತ್ತೂದ ಇಲ್ಲ ನೋಡವಾ. ಕಡೀ ಗೆರಿಗೆ ಹೆಂಗ ಬರ್ತಾಳ ಅಂತಿ? ಸಮ್‌ಗೆ ಬಂದ್ಹಂಗ ಬರ್ತಾಳ!” ಅರವತ್ತೆಂಟು ವರ್ಷದ ನಿಮ್ಮ ಮುಖ ಆಗ ಮೊದಲ ಸಲ ಆನೆ ಕಂಡ ಮಗುವಿನ ಹಾಗಿರುತ್ತಿತ್ತು. ನಾನು ಹೂಂ ಹೂಂ ಅನ್ನುತ್ತ ಲಂಚ್ ಬಾಕ್ಸ್ ಕಟ್ಟುತ್ತಿದ್ದೆ.

ಇನ್ನು ನನ್ನ ತಪ್ಪಿನ ಕಥೆ. ಜೂನ್ ಮೊದಲ ವಾರ ಕ್ಯಾಫೆಟೇರಿಯಾದಲ್ಲಿ ವರ್ನಾ ನನ್ನೆದುರು ಟ್ರೇ ಇಟ್ಟು ಕೂತಳು. ಮುಖ ಬಿಗಿದಿತ್ತು. “ಸುಮಿತ್ರಾ, ಬೇಲಿ ಹತ್ತಿರ ದಿನಾ ನಿಂತಿರೋ ಮಫ್ಲರ್ ಮುದುಕ ನಿಮ್ಮನೆಯವರಾ? ಡೋರೀನ್ ಹೋದಾಗಲೆಲ್ಲ ಬೇಡ ಬೇಡ ಅಂತ ತಲೆ ಆಡಿಸ್ತಾರಂತೆ. ಬಾಯಲ್ಲಿ ಸದ್ದು ಬೇರೆ ಮಾಡ್ತಾರಂತೆ. ಹುಡುಗಿ ಮಂಚದ ಮೇಲೆ ಬಿದ್ದು ಅಳ್ತಾಳೆ.” ಅವರ ದ್ವೀಪದಲ್ಲಿ ಹಲ್ಲಿನ ಸಂದಿಯಿಂದ ಗಾಳಿ ಎಳೆದು ಸದ್ದು ಮಾಡಿದರೆ ಥೂ ಎಂದು ಮುಖಕ್ಕೆ ಉಗಿದ ಹಾಗಂತೆ. ಅದಕ್ಕೆ ಅಲ್ಲಿ ಹೊಡೆದಾಟಗಳಾಗುತ್ತವಂತೆ.

ಎರಡು ಮಾತಿನಲ್ಲಿ ಮುಗಿಯುತ್ತಿತ್ತು ಮಾವ. ಅದು ಬೈಗುಳವಲ್ಲ ವರ್ನಾ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯೇ ಇಲ್ಲ ಎನ್ನಬಹುದಿತ್ತು. ಬಿಸಿಬೇಳೆ ಭಾತಿನ ಕಥೆ ಹೇಳಿದ್ದರೆ ಅವಳು ಹೊಟ್ಟೆ ಹಿಡಿದು ನಗುತ್ತಿದ್ದಳು. ಆದರೆ ಪಕ್ಕದ ಮೇಜಿನವರು ನಮ್ಮತ್ತಲೇ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು. ನಿಮ್ಮ ಮಫ್ಲರಿನ ಬಗ್ಗೆ, ಆ ತಲೆಯಾಡಿಸುವಿಕೆಯ ಬಗ್ಗೆ, ಇಷ್ಟು ವರ್ಷ ಇಲ್ಲಿದ್ದೂ ಹೋದಲ್ಲೆಲ್ಲ ವಿವರಣೆ ಕೊಡಬೇಕಾದ ನಮ್ಮ ಹಣೆಬರಹದ ಬಗ್ಗೆ. “ಸಾರಿ ವರ್ನಾ. ವಯಸ್ಸಾಗಿದೆ ಅವರಿಗೆ. ನಾನು ಹೇಳ್ತೀನಿ” ಎಂದುಬಿಟ್ಟೆ.

ಸಂಜೆ ನೀವು ಬಟಾಣಿ ಸುಲಿಯುತ್ತ ಕೂತಿದ್ದಿರಿ. ನಾನು ಕೈಚೀಲ ಕೂಡ ಇಳಿಸಲಿಲ್ಲ. “ಮಾವ, ನಾಳೆಯಿಂದ ಮೈದಾನಕ್ಕೆ ಹೋಗಬೇಡಿ. ಆ ಹುಡುಗಿಗೆ ನೀವು ನೋಡೋದು ಹಿಡಿಸ್ತಿಲ್ಲ. ಇದು ಧಾರವಾಡ ಅಲ್ಲ.” ನೀವು ತಲೆ ಎತ್ತಿ ನೋಡಿದಿರಿ. “ನಾ ಏನರೆ ಅಂದ್ನೇನವಾ ಆಕಿಗೆ?” ಎಂದಷ್ಟೇ ಕೇಳಿದಿರಿ. ನಾನು ಉತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನೀವೇ ಬೆಳಿಗ್ಗೆ ಹೋಗಿ ನಿಮ್ಮ ಆ ಮುರುಕಲು ಇಂಗ್ಲಿಷಿನಲ್ಲಿ ಎಲ್ಲ ಸರಿಮಾಡಿ ಬರುತ್ತಿದ್ದಿರಿ, ಅಲ್ಲವೇ? “ಆತು ಬಿಡು” ಎಂದು ಮತ್ತೆ ಬಟಾಣಿಗೆ ಕೈಹಾಕಿದಿರಿ.

ಆಮೇಲೆ ಹದಿನೇಳು ದಿನ. ಆರೂವರೆಗೆ ಎದ್ದು, ಖಾಕಿ ಪ್ಯಾಂಟು ಹಾಕಿಕೊಂಡು, ಬೀದಿಯ ಕಡೆಯ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಿರಿ. ಅಲ್ಲಿಂದ ಮೈದಾನ ಕಾಣುವುದಿಲ್ಲ. ನಾಳೆ ಹೇಳಿದರಾಯಿತು, ನಾಡಿದ್ದು ವರ್ನಾಳಿಗೆ ವಿವರಿಸಿದರಾಯಿತು ಎಂದು ನಾನು... ಹದಿನೆಂಟನೆಯ ದಿನ ಮಧ್ಯಾಹ್ನ ಅದೇ ಕುರ್ಚಿಯಲ್ಲಿ ನಿಮ್ಮ ಹೃದಯ ನಿಂತಿತು. ಡಾಕ್ಟರು ಇದು ಯಾವತ್ತಾದರೂ ಆಗುವುದಿತ್ತು ಎಂದರು. ಇರಬಹುದು. ಆದರೆ ನಿಮ್ಮ ಕೊನೆಯ ಹದಿನೇಳು ಬೆಳಗುಗಳನ್ನು ಕಿತ್ತುಕೊಂಡವಳು ನಾನು.

ಒಲಿಂಪಿಕ್ಸ್ ಶುರುವಾದ ದಿನ ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವು. ಸಣ್ಣ ದೇಶಗಳ ಸರದಿ ಬಂದಾಗಲೇ ಜಾಹೀರಾತು ಹಾಕಿಬಿಡುತ್ತಾರೆ ಈ ಪುಣ್ಯಾತ್ಮರು. ನಾನು ಜೀವ ಹಿಡಿದುಕೊಂಡಿದ್ದೆ. ನೂರಾರು ಜನರ ಒಂದು ದೊಡ್ಡ ದಂಡು ಹೋಯಿತು. ಅದರ ಹಿಂದೆ, ಅಷ್ಟಗಲದ ದಾರಿಯಲ್ಲಿ, ಐದು ಜನ. ಅವರಲ್ಲೊಬ್ಬ, ಊರಲ್ಲಿ ಮೀನು ಹಿಡಿಯುವ ಹುಡುಗ, ಮುಂದೆ ಧ್ವಜ ಹಿಡಿದಿದ್ದ. ಹಿಂದೆ ಎರಡು, ಅವರ ಹಿಂದೆ ಎರಡು. ನೀವು ಮಜ್ಜಿಗೆ ಅನ್ನ ಕಲೆಸುತ್ತ ಹೇಳಿದ್ದಿರಲ್ಲ, ಹಾಗೇ! ಅಷ್ಟು ದೊಡ್ಡ ಸ್ಟೇಡಿಯಂ ಆ ದಂಡಿಗೆ ಕೂಗಿದ್ದಕ್ಕಿಂತ ಜೋರಾಗಿ ಅವರಿಗೆ ಕೂಗಿತು. ಒಂದು ಇಡೀ ದೇಶ, ಅದರ ಅಂಚೆ ಕಚೇರಿ, ದೋಣಿ, ಅಜ್ಜಿಯರು, ಎಲ್ಲ ಸೇರಿ ಆ ಐದು ಜೊತೆ ಕಾಲಿನ ಮೇಲೆ ನಡೆಯುತ್ತಿತ್ತು. ನಿಮ್ಮ ಮಗ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು.

ನಿಮ್ಮ ಟಿಕೆಟ್ಟಿನಲ್ಲಿ ವರ್ನಾ ಬಂದಳು. ಡೋರೀನ್ ಓಡುವ ದಿನಕ್ಕೆ ಸರಿಯಾಗಿ ಮೂವರೂ ಡ್ರೈವ್ ಮಾಡಿಕೊಂಡು ಹೊರಟೆವು. ಗಡಿ ಇನ್ನೂ ದೂರವಿದ್ದಾಗ ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ವರ್ನಾ ನನ್ನ ಕಡೆ ತಿರುಗಿ, ಹಲ್ಲಿನ ಸಂದಿಯಿಂದ ಉದ್ದಕ್ಕೆ ಗಾಳಿ ಎಳೆದಳು. ಅಬ್ಬಾ! ಅವರ ಊರಿನ ನಿಜವಾದ ಸದ್ದು ಹೇಗಿರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ನಿಮ್ಮದಕ್ಕೂ ಅದಕ್ಕೂ ಅಜಗಜಾಂತರ. “ಇದನ್ನ ಈಗ ಹೇಳ್ತೀಯಾ ನೀನು?” ಎಂದಳು. ನನಗೆ ಆಗಬೇಕಾದ್ದೇ ಅದು.

ಎಂಟು ಜನ ನಿಂತರು. ಡೋರೀನ್ ಎಲ್ಲರಿಗಿಂತ ಗಿಡ್ಡ. ಮೊದಲ ಅರ್ಧ ಸುತ್ತಿನಲ್ಲೇ ದೊಡ್ಡ ದೇಶದವರು ಮುಂದೆ ಹೋಗಿಬಿಟ್ಟರು. ಕೊನೆಯ ತಿರುವು ಬಂತು. ಆ ತಿರುವಿನಲ್ಲಿ ಅವಳಿಗೆ ಏನಾಯಿತೋ ಹೇಗೆ ಹೇಳಲಿ, ಕಾಲು ನೆಲಕ್ಕೆ ಹತ್ತಲೇ ಇಲ್ಲ. ನೀವು ಹೇಳಿದ್ದು ಅಕ್ಷರಶಃ ನಿಜ. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಗೆರೆಗೆ ಬಂದಳು. ಆಗ ನನ್ನ ತಲೆ ತಾನಾಗಿ ಆ ಕಡೆ ಈ ಕಡೆ ಆಡಿತು, ನನ್ನ ಬಾಯಿಂದ, ಈ ಮೈಸೂರಿನವಳ ಬಾಯಿಂದ, ‘ಚ್ಚ್, ಚ್ಚ್, ಚ್ಚ್’ ಎಂದು ಬಂತು. ನಾನು ಮಾಡಿದ್ದಲ್ಲ. ಅವಳು ಆರನೆಯವಳಾಗಿದ್ದಳು, ಮುಂದಿನ ಸುತ್ತಿಗೆ ಆಯ್ಕೆಯಾಗಲಿಲ್ಲ. ಆದರೆ ಅವಳ ದೇಶದಲ್ಲಿ ಇಲ್ಲಿಯವರೆಗೆ ಯಾವ ಹೆಂಗಸೂ ಅಷ್ಟು ವೇಗವಾಗಿ ಓಡಿರಲಿಲ್ಲವೆಂದು ವರ್ನಾ ನನ್ನ ಭುಜ ಹಿಡಿದು ಅಲುಗಾಡಿಸುತ್ತ ಕೂಗುತ್ತಿದ್ದಳು.

ಸಂಜೆ ಗೇಟಿನ ಹೊರಗೆ ಡೋರೀನ್ ಸಿಕ್ಕಳು. ಓಟ ಮುಗಿಯುವ ತನಕ ಬೇಡವೆಂದು ವರ್ನಾ ಅವಳಿಗೆ ನಿಮ್ಮ ಸುದ್ದಿ ಹೇಳಿರಲಿಲ್ಲ. ಅವಳು ಮೊದಲು ಕೇಳಿದ್ದು ನಿಮ್ಮನ್ನೇ. “ಎಲ್ಲಿ, ಆ ಮುದುಕಪ್ಪ ಬರಲಿಲ್ವಾ? ದಿನಾ ಸಾಲದು ಸಾಲದು ಅಂತಿದ್ರು. ಸಿಟ್ಟು ಬಂದು ಇನ್ನೊಂದು ಸುತ್ತು ಓಡ್ತಿದ್ದೆ, ಇವತ್ತಾದರೂ ಹೌದು ಅನ್ನಿಸಬೇಕು ಅಂತ. ಆಮೇಲೆ ಬರೋದೇ ಬಿಟ್ಟರು. ಇವರೂ ನನ್ನ ಕೈಬಿಟ್ಟರು ಅಂದ್ಕೊಂಡೆ.” ನಾನು ನಿಂತಲ್ಲೇ ಎಲ್ಲ ಹೇಳಿದೆ. ಸಮ್ ಎಂದರೇನು, ಆ ಸದ್ದು ಎಂದರೇನು, ನೀವು ಯಾಕೆ ಬರಲಿಲ್ಲ, ಇನ್ನು ಯಾಕೆ ಬರುವುದಿಲ್ಲ. ಅವಳು ಫುಟ್‌ಪಾತಿನ ಅಂಚಿನಲ್ಲಿ ಕೂತುಬಿಟ್ಟಳು. “ಅಷ್ಟೂ ದಿನವಾ? ಪ್ರತಿ ಸಲದ್ದೂ?” ಎಂದು ಕೇಳಿದಳು. ಪ್ರತಿ ಸಲದ್ದೂ ಎಂದೆ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನಿಮ್ಮ ಊರು ಯಾವುದೆಂದು ಕೇಳಿ, ಟಿಕೆಟ್ಟಿನ ಹಿಂದೆ ಅಕ್ಷರ ಕೂಡಿಸಿ ಬರೆದುಕೊಂಡಳು.

ಈಗ ಸುದ್ದಿ. ಡೋರೀನ್ ಇನ್ನೂ ಬೆಳಿಗ್ಗೆ ಅಂಚೆ ಕಚೇರಿಯಲ್ಲಿದ್ದಾಳೆ. ಮೊನ್ನೆಯ ಕಾಗದದ ಮೇಲಿನ ಮುದ್ರೆಯೂ ಅವಳೇ ಒತ್ತಿದ್ದಂತೆ. ಸಂಜೆ ಶಾಲೆಯ ಮಕ್ಕಳಿಗೆ ಓಟ ಕಲಿಸುತ್ತಾಳೆ. ಮಕ್ಕಳು ಚೆನ್ನಾಗಿ ಓಡಿದಾಗ ತಲೆ ಆಡಿಸಿ ನಿಮ್ಮ ‘ಚ್ಚ್’ ಮಾಡುತ್ತಾಳೆ. ಮೊದಲು ತಾಯಂದಿರು ಮೈಮೇಲೆ ಬಂದವರಂತೆ ಹೆಡ್‌ಮಾಸ್ತರರ ಹತ್ತಿರ ದೂರು ಒಯ್ದರಂತೆ, ನಮ್ಮ ಮಕ್ಕಳಿಗೆ ಅವಮಾನ ಮಾಡುತ್ತಾಳೆ ಎಂದು. ಅವಳು ಎಲ್ಲರನ್ನೂ ಕೂರಿಸಿ, ಬೇಲಿಯ ಹೊರಗೆ ನಿಂತಿದ್ದ ನಿಮ್ಮ ಕಥೆ ಹೇಳಿದಳಂತೆ. ಈಗ ಅಲ್ಲಿ ಮಕ್ಕಳು ಗೆರೆ ದಾಟಿದ ಮೇಲೆ ಗಡಿಯಾರ ನೋಡುವುದಿಲ್ಲ, ಅವಳ ಬಾಯಿ ನೋಡುತ್ತಾರೆ. ಆ ಸದ್ದಿಗೆ ಅವರ ಭಾಷೆಯಲ್ಲೂ ಹೆಸರಿರಲಿಲ್ಲವಲ್ಲ, ತಾವೇ ಒಂದು ಇಟ್ಟುಕೊಂಡಿದ್ದಾರೆ. ಅದನ್ನು ‘ಧಾರವಾಡ’ ಎನ್ನುತ್ತಾರೆ ಮಾವ. “ಮಿಸ್, ಇವತ್ತು ನನಗೆ ಒಂದೂ ಧಾರವಾಡ ಸಿಗಲಿಲ್ಲ” ಎಂದು ಮುಖ ಊದಿಸಿಕೊಳ್ಳುತ್ತಾರಂತೆ. ಕಳೆದ ವಾರ ಎಂಟು ವರ್ಷದ ಪುಟ್ಟಿಯೊಬ್ಬಳು ಮೂರು ಧಾರವಾಡ ಗಿಟ್ಟಿಸಿಕೊಂಡು, ಅಮ್ಮನಿಗೆ ಹೇಳಲು ಮನೆಯ ತನಕ ನಿಲ್ಲದೆ ಓಡಿದಳಂತೆ.

ನಾಳೆಯಿಂದ ಮೈದಾನಕ್ಕೆ ಹೋಗಬೇಡಿ ಎಂದಿದ್ದೆನಲ್ಲ, ಆ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮಫ್ಲರು ಸುತ್ತಿಕೊಂಡು ಹೋಗಿ ಬನ್ನಿ ಮಾವ.

ನಿಮ್ಮ ಸೊಸೆ,
ಸುಮಿತ್ರಾ