ಕೈ ಖಾರ ಐತಿ

ಹಾವೇರಿ
ಫೆಬ್ರವರಿ 21, 2025, ಶುಕ್ರವಾರ

ಪ್ರೀತಿಯ ಮನೋಹರನಿಗೆ,

ನಿನ್ನ ಅತ್ತಿಯ ಆಶೀರ್ವಾದಗಳು. ಹೇಗಿದ್ದೀ? ಗುಂಟೂರಿನಲ್ಲಿ ಶಿವರಾತ್ರಿಗೆ ಮೊದಲೇ ಬಿಸಿಲು ಚುರುಗುಟ್ಟುತ್ತದೆ ಎಂದು ಮುನಾಫ ಹೇಳಿದ. ನೀನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನ ಒಳಗೆ ಥಂಡಿ, ಹೊರಗೆ ಬೆಂಕಿ. ನಿನ್ನ ಹಳೆಯ ಕೆಮ್ಮಿಗೆ ಇವೆರಡೂ ಆಗಿಬರುವುದಿಲ್ಲ, ಕೊರಳಿಗೆ ಏನಾದರೂ ಸುತ್ತಿಕೊಂಡೇ ಒಳಗೆ ಹೋಗು. ಅಲ್ಲಿ ರೊಟ್ಟಿ ಸಿಗುತ್ತದೆಯೋ, ಮೂರು ಹೊತ್ತೂ ಅನ್ನವೋ? ನನ್ನ ಆರೋಗ್ಯ ಚೆನ್ನಾಗಿದೆ. ಎಡಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ಗೋಡೆಯ ಮೇಲಿನ ಹಲ್ಲಿಯ ಕಣ್ಣು ಕೂಡ ಕಾಣುತ್ತದೆ. ನಿನ್ನ ವಿಳಾಸವನ್ನು ಮುನಾಫನನ್ನು ಪೀಡಿಸಿ ಪಡೆದೆ. ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ನಿನ್ನ ಜೊತೆ ಅಷ್ಟು ವರ್ಷ ದುಡಿದವನು, ಪಾಪ, ಬಾಯಿ ಬಿಗಿಹಿಡಿದೇ ನಿಂತಿದ್ದ. "ಯಾರಿಗೂ ಕೊಡಬ್ಯಾಡ ಅಂದಾನ್ರಿ, ಅವ್ವಾರ" ಎಂದ. "ಯಾರಿಗೂ ಅಂದ್ರ ಅದರಾಗ ನಾ ಬರಂಗಿಲ್ಲೋ ಖೋಡಿ" ಎಂದೆ. ನಕ್ಕು ಬರೆದುಕೊಟ್ಟ. ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಕಣ್ಣು ನಿಚ್ಚಳವಾದ ಮೇಲೆ ನನ್ನ ಹಳೆಯ ಸಿನೆಮಾ ಹುಚ್ಚು ಮರಳಿದೆ. ರಾಣೆಬೆನ್ನೂರಿನ ವಾಚನಾಲಯದಲ್ಲಿ ಕೆಲಸಕ್ಕಿದ್ದಾಗ ಪತ್ತೇದಾರಿ ಕಾದಂಬರಿಗಳನ್ನು ಮಂದಿಗೆ ಕೊಡುವ ಮೊದಲು ನಾನೇ ಓದಿ ಮುಗಿಸುತ್ತಿದ್ದುದು ನಿನಗೆ ಗೊತ್ತು. ಅಲ್ಲಿಯ ಟಾಕೀಸಿನಲ್ಲಿ, ಈಗ ಅದು ಮದುವೆಯ ಹಾಲ್, ನಿನ್ನ ಮಾವ ಹಾಲೇಶಪ್ಪನವರ ಪಕ್ಕದಲ್ಲಿ ಕುಳಿತು ಇಂಟರ್ವಲ್ಲಿಗೆ ಮೊದಲೇ ಕೊಲೆಗಾರನ ಹೆಸರು ಹೇಳಿಬಿಡುತ್ತಿದ್ದೆ. "ಸುಮ್ಮ ಕುಂದ್ರ, ಮುಂದಿನ ಸಾಲಿನವರೂ ತಿಕೀಟ ತಗೊಂಡ ಬಂದಾರ" ಎಂದು ಅವರು ಗದರುತ್ತಿದ್ದರು. ಈಗಿನ ಥ್ರಿಲ್ಲರುಗಳಲ್ಲಿ ಆ ಸುಖವೂ ಇಲ್ಲ. ಹೆಸರಾಂತ ನಟನಿಗೆ ಎರಡೇ ದೃಶ್ಯ ಕೊಟ್ಟಿದ್ದಾರೆಂದರೆ ಅವನೇ ಕೊಲೆಗಾರ. ಚಹಾ ತಂದುಕೊಡುವ ಪಾತ್ರಕ್ಕೆ ಅಷ್ಟು ದೊಡ್ಡವನನ್ನು ಯಾರೂ ಕರೆಸುವುದಿಲ್ಲ. ತನಿಖೆ ಮಾಡುವ ಇನ್ಸ್‌ಪೆಕ್ಟರನಿಗೆ ನಿದ್ದೆ ಇರುವುದಿಲ್ಲ, ಹೆಂಡತಿ ಬಿಟ್ಟುಹೋಗಿರುತ್ತಾಳೆ, ಮನೆಯಲ್ಲಿ ಒಂದು ಬಲ್ಬೂ ಸರಿಯಾಗಿ ಉರಿಯುವುದಿಲ್ಲ. ಗೋಡೆಗೆ ಫೋಟೋ ಅಂಟಿಸಿ ಅದರಿಂದ ಇದಕ್ಕೆ ಕೆಂಪು ದಾರ ಎಳೆಯುತ್ತಾನೆ. ಮಗಳು ಅರುಣಾ ಹೋದ ಮೇಲೆ ಅವಳ ಕಾಗದಪತ್ರಗಳಿಗಾಗಿ ಎಷ್ಟೋ ಸಲ ಠಾಣೆಯ ಬೆಂಚಿನ ಮೇಲೆ ಕುಳಿತವಳು ನಾನು. ಅಂಥ ದಾರ ಎಲ್ಲಿಯೂ ಕಾಣಲಿಲ್ಲ. ಮಲಯಾಳದವರ ಚಿತ್ರಗಳು ವಾಸಿ. ಅವರ ಪೊಲೀಸರು ಊಟ ಮಾಡುತ್ತಾರೆ, ಬಸ್ಸಿಗೆ ಕಾಯುತ್ತಾರೆ, ತಪ್ಪು ಮನೆಯ ಬಾಗಿಲು ತಟ್ಟಿದರೆ ನಿಂತು ಕ್ಷಮೆ ಕೇಳುತ್ತಾರೆ. ಆ ಕ್ಷಮೆಯ ಒಂದು ದೃಶ್ಯಕ್ಕಾಗಿ ನಾನು ಎರಡೂವರೆ ತಾಸು ಕೂಡಬಲ್ಲೆ.

ನನ್ನ ಸಿಟ್ಟು ಇರುವುದು ಮೊದಲ ದೃಶ್ಯದ ಮೇಲೆ. ಬಹುತೇಕ ಎಲ್ಲದರಲ್ಲಿಯೂ ಅದು ಒಂದೇ. ಎಲ್ಲೋ ಒಬ್ಬ ಹೆಂಗಸಿನ ಹೆಣ, ಹರಡಿದ ಕೂದಲು, ಒಂದು ಕಾಲಿನ ಗೆಜ್ಜೆ. ಅವಳು ಏನು ಓದುತ್ತಿದ್ದಳು, ಯಾವುದಕ್ಕೆ ಸಿಡುಕುತ್ತಿದ್ದಳು, ಯಾವ ಪಲ್ಯ ಸೇರುತ್ತಿರಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಕೊಲೆಗಾರನ ಬಾಲ್ಯಕ್ಕೆ ಮಾತ್ರ ಅರ್ಧ ತಾಸು ಮೀಸಲು. ಕಥೆಯಲ್ಲಿ ಇದನ್ನು ಸಹಿಸಬಹುದು. ನಮ್ಮ ಅರುಣಾಳಿಗೂ ಹೀಗೆಯೇ ಮಾಡಿದರಲ್ಲ, ಅದನ್ನು ನಾನು ಸಾಯುವವರೆಗೂ ಸಹಿಸುವವಳಲ್ಲ.

ಟಿ.ವಿ.ಯ ಆ ಕಾರ್ಯಕ್ರಮವನ್ನು ನೀನು ಪೂರ್ತಿ ನೋಡಲಿಲ್ಲ, ನಡುವೆಯೇ ಎದ್ದು ಹೊರಗೆ ಹೋದೆ. ನಾನು ಮತ್ತೆ ಮತ್ತೆ ನೋಡಿದ್ದೇನೆ, ಪರೀಕ್ಷೆಗೆ ಓದುವವರ ಹಾಗೆ. ನಡೆದದ್ದು ಇಷ್ಟು: ಹೋದ ವರ್ಷ ಜನವರಿಯಲ್ಲಿ ನನ್ನ ಮಗಳು, ನಿನ್ನ ಹೆಂಡತಿ, ಬ್ಯಾಡಗಿಯ ಮನೆಯಿಂದ ಸ್ಕೂಟಿಯ ಮೇಲೆ ಶಾಲೆಗೆ ಹೊರಟಳು. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ದಾಟುವಾಗ ಯಾವುದೋ ಗಾಡಿ ಗುದ್ದಿತು. ನಿಲ್ಲದೆ ಹೋಯಿತು. ಅದು ಯಾವ ಗಾಡಿ ಎಂದು ಇವತ್ತಿಗೂ ಗೊತ್ತಾಗಿಲ್ಲ. ಗಣೇಶ ಚವತಿಯ ಹೊತ್ತಿಗೆ ಆ ಚಾನೆಲ್ಲಿನವರು (ಅದರ ಹೆಸರನ್ನು ಈ ಕಾಗದದಲ್ಲಿ ಬರೆಯುವುದಿಲ್ಲ) ಇದನ್ನು ಒಂದು ತಾಸಿನ ಕ್ರೈಂ ಕಥೆ ಮಾಡಿದರು. ಹೆಸರು ಬದಲಿಸಿದರು. ಮೆಣಸಿನಕಾಯಿ ಮಾರುಕಟ್ಟೆ, ಶಿಕ್ಷಕಿ, ಸ್ಕೂಟಿ, ಹೆದ್ದಾರಿ ಎಲ್ಲವನ್ನೂ ಹಾಗೇ ಇಟ್ಟರು. ಗಂಡನೇ ಹೇಳಿ ಗುದ್ದಿಸಿದ ಎಂದು ಬಾಯಿಬಿಟ್ಟು ಹೇಳಲಿಲ್ಲ, ಕೇಳಿದರು. "ಗಂಡನ ಕಣ್ಣಲ್ಲಿ ಒಂದು ಹನಿ ನೀರೂ ಇಲ್ಲ, ಯಾಕೆ?" ಎಂದು ಕೇಳಿ ತಮಟೆಯ ಸದ್ದು ಹಾಕಿದರು. ಒಂದು ತಾಸಿನಲ್ಲಿ ಆ ಗಾಡಿಯನ್ನು ಹುಡುಕಲು ಒಂದು ನಿಮಿಷ ಕೊಡಲಿಲ್ಲ. ಸಿಗ್ನಲ್ ದೀಪವಿಲ್ಲದ ಆ ದಾಟುವ ಜಾಗವನ್ನು ತೋರಿಸಲಿಲ್ಲ. ನನ್ನ ಮಗಳು ಅಕ್ಷರ ತಿದ್ದಿಸಿದ ಒಂದು ಮಗುವನ್ನೂ ಮಾತಾಡಿಸಲಿಲ್ಲ.

ಅವರ ಹತ್ತಿರ ಇದ್ದ ನಿಜವಾದ ಚಿತ್ರ ಒಂದೇ. ಆಸ್ಪತ್ರೆಯ ಅಂಗಳದಲ್ಲಿ ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ತೆಗೆದದ್ದು. ಅರುಣಾಳನ್ನು ಹೊರಗೆ ತಂದಿದ್ದಾರೆ. ನೀನು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಗರಬಡಿದವನಂತೆ ನಿಂತಿದ್ದೀ. ಅವಳನ್ನು ಮುಟ್ಟುತ್ತಿಲ್ಲ, ಕಣ್ಣು ಒರೆಸಿಕೊಳ್ಳುತ್ತಿಲ್ಲ. ನಾನು ತಬ್ಬಿಕೊಳ್ಳಲು ಬಂದರೆ ಹಿಂದೆ ಸರಿಯುತ್ತೀ. ಮಣಿಕಟ್ಟಿನವರೆಗೆ ಕೈ ಕೆಂಪಾಗಿದೆ. ಆ ಕೈಗಳ ಸುತ್ತ ಅವರು ಒಂದು ವೃತ್ತ ಎಳೆದು ಮಿಣುಕಿಸಿದರು. ಅದರ ಮೇಲೆ ಸಂಗೀತ ಹಾಕಿದ್ದರಿಂದ ನೀನು ಆಗ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತ್ತು, ಮನೋಹರ. "ಮುಟ್ಟಬ್ಯಾಡ ಅತ್ತಿ, ಕೈ ಖಾರ ಐತಿ" ಎಂದಿದ್ದೆ. ಅದು ಮಾರುಕಟ್ಟೆಯ ದಿನ. ಬೆಳಗಿನಿಂದ ಚೀಲಚೀಲದ ಮೆಣಸಿನಕಾಯಿ ಮುರಿದು ಬೀಜ ನೋಡಿ, ಬಣ್ಣ ನೋಡಿ, ಫೋನು ಬಂದೊಡನೆ ಹಾಗೇ ಓಡಿ ಬಂದಿದ್ದೆ. ನೀರಿಗೆ ಹೋಗದ ಖಾರ ಅದು. ಆ ಕೈಯಿಂದ ಅವಳ ಮುಖವನ್ನು ಸವರಲು ನಿನಗೆ ಮನಸ್ಸಾಗಲಿಲ್ಲ. ಉರಿ ಎಂಬುದು ಅವಳಿಗೆ ಇನ್ನೆಂದೂ ತಿಳಿಯದು ಎನ್ನುವುದನ್ನು ನಿನ್ನ ಕೈಗಳು ಇನ್ನೂ ಒಪ್ಪಿರಲಿಲ್ಲ.

ಚಾನೆಲ್ಲಿಗೆ ಇದನ್ನೆಲ್ಲ ವಿವರವಾಗಿ ಬರೆದೆ. ಒಂದು ತಿಂಗಳ ಮೇಲೆ ಬೆಂಗಳೂರಿನಿಂದ ಒಬ್ಬ ಹುಡುಗ ಫೋನು ಮಾಡಿದ. ವಿನಯದ ಧ್ವನಿ. "ಅಜ್ಜೀ, ಎಲ್ಲಾ ಕಾಲ್ಪನಿಕ ಅಂತ ಮೊದಲೇ ಹಾಕಿದೀವಲ್ಲಾ, ನೀವು ನೋಡ್ಲಿಲ್ವಾ?" ಎಂದ. ನೋಡಿದ್ದೆ. ಕಣ್ಣು ಮಿಟುಕಿಸುವಷ್ಟು ಹೊತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. "ತಮ್ಮಾ, ಕಾಲ್ಪನಿಕ ಅಂತ ಹಾಕಿದ ಮ್ಯಾಲೆ ಖರೇ ಮನಶ್ಯಾನ ಕೈ ಯಾಕ ತೋರಿಸಿದಿ?" ಎಂದು ಕೇಳಿದೆ. ಎಪಿಸೋಡಿಗೆ ರೆಸ್ಪಾನ್ಸ್ ತುಂಬ ಚೆನ್ನಾಗಿ ಬಂತು ಎಂದು ಹೇಳಿ ಇಟ್ಟುಬಿಟ್ಟ. ವಾಚನಾಲಯದಲ್ಲಿ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೆ. ಪತ್ರಿಕೆಗಳು ಸುದ್ದಿ ತಪ್ಪಾಗಿ ಬರೆದರೆ ಎರಡು ದಿನ ಬಿಟ್ಟು ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತಿದ್ದವು. ನಾನು ಅದನ್ನು ಕತ್ತರಿಸಿ ಹಳೆಯ ಸುದ್ದಿಯ ಪಕ್ಕದಲ್ಲಿಯೇ ಅಂಟಿಸುತ್ತಿದ್ದೆ, ಮುಂದೆ ಓದುವವರಿಗೆ ಎರಡೂ ಸಿಗಲಿ ಎಂದು. ಟಿ.ವಿ.ಯ ಮೇಲೆ ಎಲ್ಲಿ ಅಂಟಿಸಲಿ? ಊರಿನ ಪ್ರತಿ ಮೊಬೈಲಿನಲ್ಲಿ ನಿನ್ನ ಕೈ ಇದೆ. ನನ್ನ ತಿದ್ದುಪಡಿ ನನ್ನ ಬಾಯಲ್ಲಿ ಮಾತ್ರ ಇದೆ.

ಚಾನೆಲ್ಲಿನವರು ಹೊರಗಿನವರು, ಹೋಗಲಿ. ನನ್ನ ಎದೆ ಸುಟ್ಟದ್ದು ಬ್ಯಾಡಗಿಯವರಿಂದ. ಮೆಣಸಿನಕಾಯಿಯ ಕೈಯನ್ನು ಮುಖಕ್ಕೆ ಒಯ್ಯಬಾರದು ಎಂದು ಆ ಊರಿನಲ್ಲಿ ಕೂಸುಗಳಿಗೂ ಗೊತ್ತು. ಮಾರುಕಟ್ಟೆಯಿಂದ ಬಂದವರು ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವವರೆಗೆ ಬಾಗಿಲಿನ ಚಿಲಕವನ್ನೂ ಮೊಣಕೈಯಿಂದ ತೆಗೆಯುತ್ತಾರೆ. ಅಂಥ ಊರು ಟಿ.ವಿ.ಯ ಎದುರು ಕುಳಿತು ತನ್ನ ಕೈಯನ್ನೇ ಗುರುತಿಸಲಿಲ್ಲ. ನಿಮ್ಮ ಎದುರುಮನೆಯ ಪುಷ್ಪಲತಾ, ಅವಳ ಗಂಡನೂ ಅದೇ ಕೆಲಸದವನು, ನನ್ನ ಮುಖಕ್ಕೇ ಹೇಳಿದಳು: "ಏನರ ಅನ್ರಿ ಅಕ್ಕಾರ, ಹೇಣತಿ ಹೆಣ ಇಟ್ಟಾಗ ಒಂದ ಹನಿ ನೀರ ಬರಬಾರದಾ?" ಹುಟ್ಟಿದಾಗಿನಿಂದ ಗೊತ್ತಿದ್ದದ್ದನ್ನು ಒಂದು ತಾಸಿನಲ್ಲಿ ಮರೆತರು.

ನಿನ್ನ ಮಗಳು ಸುಶ್ಮಿತಾ ಕೂಡ ಮರೆತಳು. ಇದನ್ನು ನಿನಗೆ ಬರೆಯಲು ಕೈ ಬರುತ್ತಿರಲಿಲ್ಲ, ಆದರೆ ನೀನು ಅದನ್ನು ಕಂಡದ್ದಕ್ಕೇ ಊರು ಬಿಟ್ಟೆ ಎಂದು ನನಗೆ ಗೊತ್ತು. ದೀಪಾವಳಿಯಲ್ಲಿ ನೀನು ಅವಳ ತಟ್ಟೆಗೆ ಹೋಳಿಗೆ ಹಾಕಲು ಬಾಗಿದೆ. ಅವಳು ನಿನ್ನ ಮುಖ ನೋಡದೆ ಕೈ ನೋಡಿದಳು. ಒಂದೇ ಗಳಿಗೆ. ನೀನು ಹೋಳಿಗೆ ಹಾಕಿ ಹಿತ್ತಲಿಗೆ ಹೋದವನು ಊಟಕ್ಕೆ ತಿರುಗಿ ಬರಲಿಲ್ಲ. ವಾರದೊಳಗೆ ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಗುಂಟೂರು ಸೇರಿದೆ. ಅರುಣಾಳ ವರ್ಷದ ಪೂಜೆಗೂ ಬರಲಿಲ್ಲ. ನಾನು ಅವಳಿಗೆ ಆಸ್ಪತ್ರೆಯ ಮಾತನ್ನು ಹೇಳಿದ್ದೆ, ಹಲವು ಸಲ ಹೇಳಿದ್ದೆ. "ನೀ ಎಲ್ಲಾರನ್ನೂ ನಂಬತಿ ಅಜ್ಜಿ" ಎಂದು ಎದ್ದುಹೋಗುತ್ತಿದ್ದಳು. ಬೈಯಬೇಡ ಅವಳಿಗೆ. ಇಪ್ಪತ್ತರ ಹುಡುಗಿ, ಅವ್ವನನ್ನು ಕಳೆದುಕೊಂಡವಳು. ನಾನೇ ಪಕ್ಕದಲ್ಲಿ ಕೂಡಿಸಿಕೊಂಡು ತೋರಿಸಿದ ಥ್ರಿಲ್ಲರುಗಳಲ್ಲಿ ಪ್ರೀತಿಸುವವರ ಸಾಕ್ಷಿ ಎಂದೂ ನಡೆಯುವುದಿಲ್ಲ. ಕೊನೆಗೆ ಮೋಸ ಹೋಗುವವಳು ಯಾವಾಗಲೂ ಮುದುಕಿಯೇ.

ಅದಕ್ಕೆ ಹೇಳುವುದನ್ನು ಬಿಟ್ಟೆ. ನಿನ್ನೆ ಗುರುವಾರ, ಮಾರುಕಟ್ಟೆಯ ದಿನ, ಚಟ್ನಿಗೆ ಡಬ್ಬಿ ಮೆಣಸಿನಕಾಯಿ ತರೋಣ ಬಾ ಎಂದು ಅವಳನ್ನು ಬ್ಯಾಡಗಿಗೆ ಕರೆದುಕೊಂಡು ಹೋದೆ. ಅಂಗಳ ತುಂಬ ಕೆಂಪು, ಬಸ್ಸು ಇಳಿದಲ್ಲಿಂದಲೇ ಸೀನು. ನಿಮ್ಮ ಅಂಗಡಿಯ ಆಚೆ ಹೆಂಗಸರು ಸಾಲಾಗಿ ಕುಳಿತು ತೊಟ್ಟು ಮುರಿಯುತ್ತಿದ್ದರು. ಅಗಡಿಯ ಗುಡ್ಡವ್ವ ನೆನಪಿದ್ದಾಳಲ್ಲ, ನಿನಗೆ ಎಲೆಯಡಿಕೆ ಕೊಡುತ್ತಿದ್ದವಳು, ಅವಳೂ ಇದ್ದಳು. ಅವಳ ಮೊಮ್ಮಗ, ಈಗಷ್ಟೇ ನಡೆಯಲು ಕಲಿತದ್ದು, ಚೀಲಕ್ಕೆ ಎಡವಿ ಬಿದ್ದು ಚೀರುತ್ತ ಅವಳ ಕಡೆ ಓಡಿಬಂತು. ಗುಡ್ಡವ್ವ ಮೊಣಕಾಲ ಮೇಲೆ ಎದ್ದು ಎರಡೂ ತೋಳು ಚಾಚಿದಳು. ಮೊಣಕೈಗಳ ನಡುವೆ ಮಗುವನ್ನು ಒತ್ತಿಕೊಂಡು ಗದ್ದದಿಂದ ಅದರ ತಲೆ ಸವರಿದಳು. ಅಂಗೈಗಳೆರಡೂ ಮಗುವಿನ ಬೆನ್ನ ಹಿಂದೆ ಗಾಳಿಯಲ್ಲಿಯೇ ಇದ್ದವು. "ಅಳಬ್ಯಾಡ ನನ್ನ ರಾಜಾ, ಹೆಂಗ ಕಣ್ಣೀರ ವರಸಲಿ, ಕೈ ಖಾರ ಐತಿ" ಎಂದಳು.

ನಾನು ಸುಶ್ಮಿತಾಳ ಕಡೆ ತಿರುಗಲಿಲ್ಲ. ಅವಳೇ ನನ್ನ ಸೆರಗು ಜಗ್ಗಿದಳು. "ಅಪ್ಪನೂ ಹಿಂಗ ನಿಂದರತಿದ್ದ, ಅಜ್ಜಿ. ಸಣ್ಣಾಕಿದ್ದಾಗ ನಾ ಓಡಿಹೋಗಿ ಕಾಲ ಹಿಡಕೊಂಡ್ರ ಎರಡೂ ಕೈ ಮ್ಯಾಲೆತ್ತಿ, ಪೊಲೀಸ್ರು ಹಿಡದ್ರು, ಪೊಲೀಸ್ರು ಹಿಡದ್ರು, ಅಂತಿದ್ದ." ಮೆಣಸಿನಕಾಯಿ ಕೊಳ್ಳುವುದನ್ನು ಇಬ್ಬರೂ ಮರೆತೆವು. ಹಾವೇರಿಯವರೆಗೆ ಬಸ್ಸಿನಲ್ಲಿ ಅವಳು ತನ್ನ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕುಳಿತಿದ್ದಳು.

ಮನೋಹರ, ನೀನು ನನ್ನ ಅಣ್ಣನ ಮಗ, ಅರುಣಾಳನ್ನು ಕಟ್ಟಿಕೊಳ್ಳುವ ಮೊದಲೇ ನನ್ನ ಮಡಿಲಲ್ಲಿ ಆಡಿದವನು. ಸತ್ತವಳ ತಾಯಿ ನಾನು. ಈ ವಿಷಯದಲ್ಲಿ ತೀರ್ಪು ಕೊಡುವ ಹಕ್ಕು ಯಾರಿಗಾದರೂ ಇದ್ದರೆ ನನಗೆ ಮೊದಲು ಇದೆ. ಯುಗಾದಿಗೆ ಊರಿಗೆ ಬಾ. ಆ ಗಾಡಿಯನ್ನು ಹುಡುಕಬೇಕೆಂದು ಹೊಸ ಅರ್ಜಿ ಬರೆದಿಟ್ಟಿದ್ದೇನೆ, ಅದಕ್ಕೆ ಗಂಡನ ಸಹಿಯೂ ಬೇಕು. ಮಂದಿ ನೋಡುತ್ತಾರೆ, ನೋಡಲಿ. ನಾನು ನಿನ್ನ ಪಕ್ಕದಲ್ಲಿ ನಡೆಯುತ್ತೇನೆ. ಊಟ ಬಿಡಬೇಡ, ಕೆಮ್ಮಿಗೆ ಔಷಧ ತೆಗೆದುಕೋ. ಈ ಕಾಗದವನ್ನು ನಾಳೆ ಅಂಚೆಗೆ ಹಾಕುತ್ತೇನೆ. ಮುನಾಫ ನಿನಗೆ ಸಲಾಮು ಹೇಳಿದ್ದಾನೆ.

ನಿನ್ನ ಒಳಿತನ್ನೇ ಬೇಡುವ ಅತ್ತಿ,
ಶೇಖವ್ವ

ತಾ.ಕ.: ಶನಿವಾರ. ಅಂಟು ಹಚ್ಚಿದ್ದನ್ನು ಮತ್ತೆ ಬಿಚ್ಚಿ, ಹಾವೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾದರೆ ಸಾವರಿಸಿಕೊಂಡು ಓದು. ಹುಬ್ಬಳ್ಳಿಯ ಗಾಡಿ ಬರುವ ಹೊತ್ತಾಯಿತು. ಅಲ್ಲಿಂದ ಗುಂಟೂರಿನ ರೈಲು. ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಬೆಳಿಗ್ಗೆ ಸುಶ್ಮಿತಾ ಚೀಲ ತುಂಬಿಕೊಂಡು ನಿಂತಿದ್ದಳು. "ಅಪ್ಪ ಕೈ ತೊಳಕೊಂಡ ಬರತೀನಿ ನಿಂದರು ಅಂತಾನ ಅಜ್ಜಿ, ಹೋಗಾಕ ಬಿಡಂಗಿಲ್ಲ ನಾ" ಎಂದು ಹೇಳುತ್ತಿದ್ದಾಳೆ. ಕಾಗದ ತಂದವಳು ನಿನ್ನ ಎದುರಿಗೇ ಇದ್ದಾಳೆ. ಓದಿದ್ದು ಸಾಕು, ತಲೆ ಎತ್ತು.