ಬೋಂಡನ ಹೊಟ್ಟೆ ಮತ್ತು ಪಡ್ಡಿನ ಹಂಚು

ವಡಪಳನಿ, ಚೆನ್ನೈ
19 ಫೆಬ್ರವರಿ, ಬುಧವಾರ ಮಧ್ಯಾಹ್ನ

ನಮ್ಮ ಮನೆಯ ಪೊಲೀಸಮ್ಮ ನಂದಿತಾಳಿಗೆ, ಅಪ್ಪ ಮಹದೇವ ಹೊಟ್ಟೆ ಒಳಗೆಳೆದುಕೊಂಡು ಹೊಡೆಯುವ ಸಲ್ಯೂಟು.

ಕ್ಷೇಮ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಬೋಂಡ ವಾಪಸ್ ಬಂದಿದ್ದಾನೆ. ನನ್ನ ಕಾಲ ಮೇಲೆ ಗದ್ದ ಇಟ್ಟುಕೊಂಡು, ಬಾಲ ಚಾಚಿ ಮಲಗಿದ್ದಾನೆ. ಈ ಕಾಗದ ಶುರು ಮಾಡುವಷ್ಟರಲ್ಲೇ ಎರಡು ಸಲ ಗಾಳಿ ಬಿಟ್ಟ, ಅದಕ್ಕೇ ಅಕ್ಷರ ಸೊಟ್ಟಗಿದೆ. ಇನ್ನು ಕ್ಷೇಮ. ಬೂಟು ಕಚ್ಚಿ ಎದ್ದಿದ್ದ ಬೊಬ್ಬೆ ಒಣಗಿತಾ? ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯಾ? ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಓಡಿಸುತ್ತಾರೆ ಎಂದಿದ್ದೆ. ಇಲ್ಲಿದ್ದಾಗ ಎಂಟು ಗಂಟೆಗೆ ನಿನ್ನನ್ನು ಎಬ್ಬಿಸಲು ನಿನ್ನಮ್ಮ ನೀರಿನ ಚೊಂಬು ಹಿಡಿದು ಬರಬೇಕಿತ್ತು, ಆ ಟ್ರೈನಿಂಗ್ ಕ್ಯಾಂಪಿನವರಿಗೆ ಯಾವ ಮಂತ್ರ ಗೊತ್ತೋ ಕೇಳಿ ಬರೆ. ನಾವು ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ. ಆದರೆ ಚೆನ್ನಾಗಿಲ್ಲ. ಮೊನ್ನೆ ಭಾನುವಾರ ನೀನು ಫೋನ್ ಮಾಡಲಿಲ್ಲ. ವಾರಕ್ಕೆ ಒಂದೇ ದಿನ, ಹತ್ತೇ ನಿಮಿಷ ನಿಮ್ಮ ಕೈಗೆ ಫೋನು ಸಿಗುವುದು ಎಂದು ನಿನ್ನಮ್ಮ ನಾಲ್ಕರಿಂದ ಏಳರವರೆಗೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಕಾಫಿಗೂ ಏಳಲಿಲ್ಲ. ಮಧ್ಯೆ ಯಾರೋ ಒಬ್ಬಳು ಇನ್ಶೂರೆನ್ಸ್ ಬೇಕಾ ಎಂದು ಫೋನ್ ಮಾಡಿ, ಕೊಳ್ಳೇಗಾಲದ ಬೈಗುಳವನ್ನೆಲ್ಲ ಒಂದೇ ಉಸಿರಿನಲ್ಲಿ ಕೇಳಿಸಿಕೊಂಡಳು. ಅವಳಿಗೆ ಕನ್ನಡ ಬಾರದ್ದು ಅವಳ ಪುಣ್ಯ.

ಅದರ ಹಿಂದಿನ ಭಾನುವಾರ ನಿನ್ನಮ್ಮ "ಬೋಂಡನ್ನ ರಾಯಪುರಕ್ಕೆ ಕಳಿಸಿಬಿಟ್ವಿ ಕಣವ್ವಾ" ಎನ್ನುತ್ತಿದ್ದಾಗಲೇ ಹತ್ತು ನಿಮಿಷ ಮುಗಿದು ಲೈನು ಕಟ್ಟಾಯಿತು. ಕಟ್ಟಾಗುವ ಮೊದಲು "ಅಮ್ಮಾ, ನೀನಾ ಕಳಿಸಿದ್ದು?" ಎಂದು ನೀನು ಅಂದದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. ಅದಕ್ಕೇ ಈ ಕಾಗದ. ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ, ಭಾನುವಾರದೊಳಗೆ ನಿನ್ನ ಕೈ ಸೇರಬೇಕು. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು, ತಪ್ಪುಗಳನ್ನು ನೀನೇ ತಿದ್ದಿಕೊಂಡು ಓದು.

ಅವನ ಊಟ ನಿನಗೆ ಗೊತ್ತಲ್ಲ. ಅದನ್ನು ತಿನ್ನುವುದು ಎನ್ನುವ ಹಾಗಿಲ್ಲ, ನುಂಗುವುದು ಎಂದರೂ ಸಾಲದು. ಅನ್ನ ಹಾಕಿ ಸೌಟು ಮೇಲೆತ್ತುವಷ್ಟರಲ್ಲಿ ತಟ್ಟೆ ತೊಳೆದಿಟ್ಟ ಹಾಗಿರುತ್ತದೆ. ಅರ್ಧ ಗಂಟೆಗೆ ಹೊಟ್ಟೆಯಲ್ಲಿ ಗುಡುಗು, ಮುಕ್ಕಾಲು ಗಂಟೆಗೆ ನಾವೆಲ್ಲ ಬೀದಿಯಲ್ಲಿ. ಅರ್ಧ ಲ್ಯಾಬು, ಅರ್ಧ ವಡಪಳನಿ ಎಂದು ನೀನು ಎತ್ತಿಕೊಂಡು ಬಂದ ಮರಿ. ಲ್ಯಾಬಿನ ಅರ್ಧ ತಿನ್ನುತ್ತದೆ, ವಡಪಳನಿಯ ಅರ್ಧ ಬಿಡುತ್ತದೆ. ನಾನು ಮಾಡದ ಉಪಾಯ ಇಲ್ಲ. ತಟ್ಟೆಯಲ್ಲಿ ದೊಡ್ಡ ಕಲ್ಲು ಇಟ್ಟರೆ ಸುತ್ತ ಹುಡುಕಿ ನಿಧಾನಕ್ಕೆ ತಿನ್ನುತ್ತಾನೆ ಎಂದು ನಮ್ಮ ಸಿನಿಮಾ ಸ್ಟುಡಿಯೋದಲ್ಲಿ ಯಾರೋ ಹೇಳಿದರು. ಇಟ್ಟೆ. ಮಹಾರಾಯ ಕಲ್ಲನ್ನು ಬಾಯಲ್ಲಿ ಎತ್ತಿ, ಮರ್ಯಾದೆಯಾಗಿ ಪಕ್ಕಕ್ಕಿಟ್ಟು, ಅನ್ನ ಮುಗಿಸಿ, ಇನ್ನೇನಿದೆ ಎಂದು ನನ್ನ ಮುಖ ನೋಡಿದ. ಸಾಕಪ್ಪಾ ಸಾಕು ಅನಿಸಿತು.

ಆಗಲೇ ಮಹಡಿಯ ಮೇಲೆ ಆ ಅನಾಹುತ ಆಯಿತು. ಓನರ್ ಕಲಾವತಿ ಅಮ್ಮನ ಮಗಳನ್ನು ನೋಡಲು, ನಿನ್ನ ಆ ಫೋನಿಗೆ ಎರಡು ದಿನ ಮುಂಚೆ ಶುಕ್ರವಾರ ಸಂಜೆ, ಗಂಡಿನ ಕಡೆಯವರು ಬಂದಿದ್ದರು. ಬಾಳೆಕಾಯಿ ಬಜ್ಜಿಯ ವಾಸನೆ ಹಿಡಿದು ಬೋಂಡ ಮೆಟ್ಟಿಲು ಹತ್ತಿದ್ದಾನೆ. ಅಡುಗೆಮನೆಯಲ್ಲಿದ್ದ ಒಂದು ತಟ್ಟೆ ಬಜ್ಜಿಯನ್ನು ಹಲ್ಲಿಗೆ ತೋರಿಸದೆ ಒಳಗೆ ಹಾಕಿಕೊಂಡು, ಹಾಲಿಗೆ ಬಂದು ಸೋಫಾದ ಕೆಳಗೆ ಮಲಗಿದ್ದಾನೆ. ಯಾರೂ ನೋಡಿಲ್ಲ. ಜಾತಕ, ನೌಕರಿ, ಗೋತ್ರ ಎಲ್ಲ ಮಾತಾಡಿ ಮುಗಿದು, ಹುಡುಗಿ ಕಾಫಿ ತಟ್ಟೆ ಹಿಡಿದು ಬರುವ ಹೊತ್ತಿಗೆ ಸರಿಯಾಗಿ ಬಂತಂತೆ. ಸದ್ದಿಲ್ಲದ್ದು. ಗಂಡಿನ ತಾಯಿ ಗಂಡಿನ ತಂದೆಯನ್ನು ನೋಡಿದರಂತೆ, ತಂದೆ ಮಗನನ್ನು ನೋಡಿದರಂತೆ, ಮಗ ಫ್ಯಾನು ನೋಡಿದನಂತೆ. ಎರಡನೆಯದಕ್ಕೆ ಕಿಟಕಿ ತೆಗೆದರು. ಮೂರನೆಯದಕ್ಕೆ ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರು. ಅವರ ಕಾರು ಹೋದ ಮೇಲೆ ಸೋಫಾದ ಕೆಳಗಿಂದ ಇವನು ಬಾಲ ಆಡಿಸಿಕೊಂಡು ಹೊರಗೆ ಬಂದಿದ್ದಾನೆ.

ಶನಿವಾರ ಬೆಳಿಗ್ಗೆ ಕಲಾವತಿ ಅಮ್ಮ ಕೆಳಗಿಳಿದು ಬಂದರು. ಪಂಪಿನ ಹತ್ತಿರ ಕಾಂಪೌಂಡಿನ ನಾಲ್ಕು ಮನೆಯವರೂ ಕೊಡ ಹಿಡಿದು ನಿಂತಿದ್ದರು. "ಮಹಾದೇವನ್, ಒಣ್ಣು ನಾಯಿ ಇರುಕ್ಕಣುಂ, ಇಲ್ಲೇನ್ನಾ ನೀಂಗ ಇರುಕ್ಕಣುಂ" ಎಂದರು. ಅಂದರೆ ನಾಯಿ ಇರಬೇಕು, ಇಲ್ಲವೇ ನಾವಿರಬೇಕು, ಇಬ್ಬರಿಗೂ ಜಾಗ ಇಲ್ಲ. ಒಂದನೇ ತಾರೀಖು ಗಡುವು. ನಾನು ಏನೋ ತಮಾಷೆ ಮಾಡಲು ಹೋದೆ. "ಸಿರಿಕ್ಕಾದೀಂಗ!" ನಗಬೇಡಿ ಎಂದು ಗದರಿದರು. ನಿಂತಿದ್ದವರೆಲ್ಲ ನಕ್ಕರು. ಮಧ್ಯಾಹ್ನ ಬೋಂಡ ಆಟೋದಲ್ಲಿ ರಾಯಪುರಕ್ಕೆ ಹೋದ.

ರಾಯಪುರ ಎಂದರೆ ಇಲ್ಲೇ ಹಾರ್ಬರಿನ ಪಕ್ಕ, ನಮ್ಮ ತಿರುಮಲನ ಹತ್ತಿರ. ಹಾರ್ಬರಿನಲ್ಲಿ ಸೆಟ್ಟು ಹಾಕಿದಾಗ ನನಗೆ ಹಲಗೆ ಹೊತ್ತುಕೊಟ್ಟವನು, ಹೊಸೂರಿನವನು, ಈಗ ಒಣಮೀನಿನ ಗೋಡೌನು ಕಾಯುತ್ತಾನೆ. ಆ ನಾತದಲ್ಲಿ ಬೋಂಡನ ನಾತ ಯಾರಿಗೆ ಗೊತ್ತಾಗುತ್ತದೆ ಎಂಬುದು ಲೆಕ್ಕಾಚಾರ. ಸೋಮವಾರ ಬೆಳಿಗ್ಗೆ ಅವನ ಫೋನು. "ಮಾದೇವಾ, ಇಪ್ಪತ್ತು ವರ್ಷದಿಂದ ಒಣಮೀನಿನ ಮಧ್ಯೆ ಮಲಗ್ತಿರೋನು ನಾನು. ನಂಗೇ ತಡೆಯಕ್ಕಾಗ್ತಿಲ್ಲ ಕಣಯ್ಯಾ!" ನಾನು ಬಿದ್ದು ಬಿದ್ದು ನಕ್ಕೆ. ಆಮೇಲೆ ಅವನ ದನಿ ಇಳಿಯಿತು. "ನಗಬೇಡ, ಇನ್ನೊಂದು ಐತೆ. ಇಲ್ಲಿ ಬೇರೆ ನಾಯಿಗಳ ಜೊತೆ ಪೈಪೋಟಿಗೆ ಬಿದ್ದು ಒಂದು ಬುಟ್ಟಿ ಮೀನಿನ ತಲೆ ತಿಂದವ್ನೆ. ಹೊಟ್ಟೆ ಊದ್ಕೊಂಡು ಕಲ್ಲಾಗೈತೆ. ವಾಂತಿಗೆ ನೋಡ್ತಾನೆ, ಬರ್ತಿಲ್ಲ. ನಿಲ್ಲಕ್ಕೂ ಆಗ್ತಿಲ್ಲ." ಹಾಗೇ ಆಟೋದಲ್ಲಿ ಹಾಕಿಕೊಂಡು ಕೋಡಂಬಾಕ್ಕಂಗೆ ಬಾ ಎಂದೆ. ನಾನೂ ನಿನ್ನಮ್ಮನೂ ಪ್ರಾಣಿಗಳ ಡಾಕ್ಟರ್ ಚಿನ್ಮಯಿಯ ಬಾಗಿಲಲ್ಲಿ ಕಾದು ನಿಂತೆವು. ಅವರ ತಂದೆ ಮೈಸೂರಿನವರು, ಇವರು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಕನ್ನಡದ ಮಧ್ಯೆ ತಮಿಳು ಒಗ್ಗರಣೆ ಹಾಕಿಕೊಂಡು ಮಾತಾಡುತ್ತಾರೆ. ಬೋಂಡನನ್ನು ಇಳಿಸಿದಾಗ ಹೊಟ್ಟೆ ಮೃದಂಗದ ಹಾಗಿತ್ತು ಮಗಳೇ, ಬೆರಳಲ್ಲಿ ತಟ್ಟಿದರೆ ಸದ್ದು ಬರುತ್ತಿತ್ತು. ನನ್ನನ್ನು ನೋಡಿ ಬಾಲ ಎತ್ತಲು ಹೋದ, ಎತ್ತಲಾಗಲಿಲ್ಲ. ಎಕ್ಸ್‌ರೇ ತೆಗೆದು, ಬಾಯಿಂದ ಒಂದು ಟ್ಯೂಬು ಇಳಿಸಿದರು. ಆಮೇಲೆ ಬಂದ ಗಾಳಿ ಇದೆಯಲ್ಲ, ಅದನ್ನು ಬರೆಯಲು ನನಗೆ ಓದು ಸಾಲದು. ಕಾಂಪೌಂಡರು ಎದ್ದು ಹೊರಗೆ ಹೋದ. ತಿರುಮಲ ಮಾತ್ರ "ನೋಡಿದ್ಯಾ, ನಾ ಸುಳ್ಳು ಹೇಳಿದ್ನಾ" ಎಂದು ಹೆಮ್ಮೆಯಿಂದ ನಿಂತಿದ್ದ.

ಡಾಕ್ಟರು ನಗಲಿಲ್ಲ. "ಅಂಕಲ್, ಇದು ವಿಳೆಯಾಟ್ಟು ಇಲ್ಲ, ಆಟ ಅಲ್ಲ. ಅನ್ನಕ್ಕಿಂತ ಜಾಸ್ತಿ ಗಾಳಿ ನುಂಗ್ತಾನೆ ಇವ್ನು. ಇವತ್ತು ಬರೀ ಊದಿತ್ತು. ಹೊಟ್ಟೆ ಒಳಗೇ ತಿರುಚ್ಕೊಂಡಿದ್ರೆ ನೀವು ಬರೋಷ್ಟರಲ್ಲಿ ಮುಗಿದು ಹೋಗ್ತಿತ್ತು" ಎಂದರು. ಆಮೇಲೆ, ಇವನು ಊಟ ಮಾಡುವಾಗ ಪಕ್ಕದಲ್ಲಿ ಬೇರೆ ನಾಯಿ ಇರುತ್ತದಾ, ಯಾಕಿಷ್ಟು ಅವಸರ ಎಂದು ಕೇಳಿದರು. ಇಲ್ಲ ಡಾಕ್ಟ್ರೇ, ಒಂದೇ ನಾಯಿ ಎಂದೆ. ನಿನ್ನಮ್ಮ ಸೆರಗು ಬಾಯಿಂದ ತೆಗೆದು, "ಎರಡು. ಹೇಳ್ರೀ, ನಿಮ್ಮ ಹಪ್ಪಳದ ಪಂದ್ಯದ ವಿಷಯ ಹೇಳ್ರೀ ಅವರಿಗೆ" ಎಂದಳು.

ಹೇಳಬೇಕಾಯಿತು. ಮೂವತ್ತು ವರ್ಷ ಸ್ಟುಡಿಯೋದಲ್ಲಿ ಸೆಟ್ಟಿನ ಬಡಗಿ ನಾನು, ತಟ್ಟೆಗೆ ಸಾಂಬಾರು ಬೀಳುವಷ್ಟರಲ್ಲಿ "ಶಾಟ್ ರೆಡಿ" ಎಂದು ಕೂಗುತ್ತಾರೆ, ಉಗುಳು ನುಂಗುವಷ್ಟು ಹೊತ್ತಿನಲ್ಲಿ ಊಟ ನುಂಗಿ ಅಭ್ಯಾಸ. ಬೋಂಡ ಮರಿಯಾಗಿದ್ದಾಗ ನನ್ನ ಪಕ್ಕದಲ್ಲೇ ಅವನ ತಟ್ಟೆ ಇಟ್ಟು, ಯಾರು ಮೊದಲು ಮುಗಿಸುತ್ತಾರೋ ಅವರಿಗೆ ಹಪ್ಪಳ ಎಂದು ನಾನೇ ಪಂದ್ಯ ಶುರು ಮಾಡಿದ್ದು. ನೀನು ಕೆಲಸಕ್ಕೆ ಓದುತ್ತ ಟ್ಯೂಷನ್ನಿನಲ್ಲಿ ಇರುತ್ತಿದ್ದೆ, ನೋಡಿಲ್ಲ. ಮೊದಮೊದಲು ನಾನು ಗೆಲ್ಲುತ್ತಿದ್ದೆ. ಅಕ್ಕಪಕ್ಕದವರು ಬಂದು ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು. ಮೂರು ತಿಂಗಳಲ್ಲಿ ಅವನು ನನ್ನನ್ನು ಸೋಲಿಸಿದ. ಆಮೇಲೆ ಒಂದು ದಿನವೂ ನಾನು ಹಪ್ಪಳ ತಿಂದಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟರು. "ಅಂಕಲ್, ಟ್ಯೂಬು ನಿಮಗೆ ಹಾಕ್ಬೇಕಿತ್ತು" ಎಂದರು. ನಿನ್ನಮ್ಮ ಮಾತ್ರ ಗೆದ್ದವಳ ಹಾಗೆ ಕೂತಿದ್ದಳು. ನಾಯಿಗೆ ಏನೇನು ಕೊಡ್ತೀರ ಎಂದು ಡಾಕ್ಟರು ಅವಳ ಕಡೆ ತಿರುಗಿದಾಗ ಎರಡು ಹೊತ್ತು ಹಾಲು, ಮಿಕ್ಕ ಸಾಂಬಾರು, ಗುಡಿಯ ಪ್ರಸಾದದ ಕಡಲೆ ಸುಂಡಲ್ ಎಲ್ಲ ಹೊರಗೆ ಬಂತು. ಆಮೇಲೆ ಇಬ್ಬರೂ ಸಮ ಆದೆವು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೊದಲನೆಯದು ಗೊತ್ತಿಲ್ಲದವರು ಮನೆಯಲ್ಲಿ ಇಬ್ಬರಿದ್ದೇವೆ, ಎರಡನೆಯದು ಗೊತ್ತಿಲ್ಲದವನು ನಾನೊಬ್ಬನೇ.

ಈಗ ಕಾನೂನು ಹೀಗಿದೆ. ದಿನಕ್ಕೆ ಎರಡು ದೊಡ್ಡ ಊಟದ ಬದಲು ನಾಲ್ಕು ಸಣ್ಣ ಊಟ. ಹಾಲಿಲ್ಲ, ಬೇಳೆಯಿಲ್ಲ, ಕಡಲೆಯಿಲ್ಲ, ಅನ್ನದ ಜೊತೆ ಬೇಯಿಸಿದ ಕೋಳಿ. ತಿಂದ ಮೇಲೆ ಒಂದು ಗಂಟೆ ಓಟ, ನೆಗೆತ ಎಲ್ಲ ಬಂದ್. ಗುಳಿ ಗುಳಿ ಇರುವ ತಟ್ಟೆ ಬೇಕು, ನಾಲಿಗೆ ಹಾಕಿ ತೆಗೆದು ತಿನ್ನುವಷ್ಟರಲ್ಲಿ ತಡವಾಗುತ್ತದೆ ಎಂದರು ಡಾಕ್ಟರು. ಅದಕ್ಕೆ ನಾನು ಇಡ್ಲಿ ತಟ್ಟೆ ಇಟ್ಟೆ. ಬೋಂಡ ಅದನ್ನು ಮೂತಿಯಲ್ಲಿ ತಳ್ಳಿಕೊಂಡು ತಳ್ಳಿಕೊಂಡು ಪಕ್ಕದ ಮನೆಯ ಬಾಗಿಲವರೆಗೂ ಹೋದ. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ನಿನ್ನಮ್ಮ ಒಳಗೆ ಹೋಗಿ ಅಟ್ಟದ ಮೇಲಿಂದ ಏನೋ ಇಳಿಸಿಕೊಂಡು ಬಂದು ದೊಪ್ಪೆಂದು ಕೆಳಗಿಟ್ಟಳು. ಪಡ್ಡಿನ ಹಂಚು! ಅವಳ ತವರಿನಿಂದ ಬಂದ, ನಾನು ಮುಟ್ಟಿದರೂ ಬೈಯುತ್ತಿದ್ದ, ಎರಡು ಕೈಯಲ್ಲಿ ಎತ್ತಬೇಕಾದ ಎರಕದ ಹಂಚು. "ತಳ್ಳಲಿ ನೋಡ್ತೀನಿ" ಎಂದಳು. ತಳ್ಳಿದ, ಅಲುಗಲಿಲ್ಲ. ಏಳು ಗುಳಿ, ಒಂದೊಂದಕ್ಕೂ ನಾಲಿಗೆ ಇಳಿಸಬೇಕು. ಮೊದಲ ದಿನ ಗುಳಿಗೆ ಒಂದು ಸಲ ನಮ್ಮನ್ನು ದುರುಗುಟ್ಟಿ ನೋಡಿದ. ಈಗ ಒಂದು ಊಟಕ್ಕೆ ಒಂಬತ್ತು ನಿಮಿಷ ಆಗುತ್ತದೆ, ನಾನೇ ಫೋನಿನಲ್ಲಿ ನೋಡಿದ್ದೇನೆ. ನನಗೂ ಅಷ್ಟೇ ಹೊತ್ತು ಎಂದು ನಿನ್ನಮ್ಮನ ಆರ್ಡರು. ಒಂಬತ್ತು ನಿಮಿಷ ಅನ್ನದ ಮುಂದೆ ಕೂತು ಏನು ಮಾಡಬೇಕು ಎಂದು ಕೇಳಿದೆ. "ಅಗೀರಿ" ಎಂದಳು.

ಗಾಳಿ ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ. ಕಲಾವತಿ ಅಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು, ಮೂಗು ಒಳಗೆ ಹಾಕಿ ಒಂದು ಸಲ ಎಳೆದು ನೋಡಿ ಹೋಗುತ್ತಾರೆ. ಅವರು ಸ್ವಲ್ಪ ಮೆತ್ತಗಾದದ್ದಕ್ಕೆ ಕಾರಣ ಬೇರೆ. ಗಂಡಿನ ತಾಯಿ ಮೊನ್ನೆ ಫೋನ್ ಮಾಡಿ, "ಅವತ್ತು ನಮ್ಮನೆಯವರಿಗೆ ಹೊಟ್ಟೆ ಸರಿ ಇರಲಿಲ್ಲ, ತಪ್ಪು ತಿಳ್ಕೋಬೇಡಿ, ಹುಡುಗಿ ನಮಗೆ ಒಪ್ಪಿಗೆ" ಎಂದರಂತೆ. ಆ ಪುಣ್ಯಾತ್ಮ ಬಾಯಿ ಬಿಡದೆ ಬೋಂಡನ ಪಾಪ ಹೊತ್ತಿದ್ದಾನೆ. ಕಲಾವತಿ ಅಮ್ಮ ಇದನ್ನು ಹೇಳಿ, ನಗು ತಡೆಯಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಿಶ್ಚಿತಾರ್ಥದ ದಿನ ಮಾತ್ರ ನಾಯಿ ಕಾಂಪೌಂಡಿನಲ್ಲಿ ಇರಬಾರದು ಎಂದಿದ್ದಾರೆ. ಒಂದನೇ ತಾರೀಖಿನ ಮಾತು ಎತ್ತಲಿಲ್ಲ, ನಾವೂ ಎತ್ತಿಲ್ಲ.

ಮೈ ಕಡೆ ನೋಡಿಕೋ. ಮಾದಪ್ಪ ನಿನ್ನ ಕಾಲಿಗೆ ಬಲ ಕೊಡಲಿ, ನಿನ್ನ ಬಂದೂಕಿಗೆ ಗುರಿ ಕೊಡಲಿ, ನಿನ್ನ ಮೇಸ್ತ್ರಿಗಳಿಗೆ ಸ್ವಲ್ಪ ದಯೆ ಕೊಡಲಿ. ಜೊತೆಯ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು.

ನಿನ್ನ ಅಪ್ಪ,
ಮಹದೇವ
(ಬೋಂಡನ ಹೆಬ್ಬೆಟ್ಟು ಒತ್ತಿಸಲು ಹೋದೆ, ಕಾಗದವನ್ನೇ ತಿನ್ನಲು ಬಂದ)

ತಾ.ಕ. ಕವರು ಅಂಟಿಸುವ ಮೊದಲು ಇದೊಂದು ಬರೆಯಬೇಕು. ಬೋಂಡನನ್ನು ಕಳಿಸಿದ್ದು ನಿನ್ನಮ್ಮ ಅಲ್ಲ. ನಾನು. ಒಂದನೇ ತಾರೀಖಿನವರೆಗೆ ಟೈಮಿದೆ, ಸೋಮವಾರ ಡಾಕ್ಟರಿಗೆ ತೋರಿಸೋಣ ಎಂದು ಹೇಳಿಯೇ ಅವಳು ಮುರುಗನ ಗುಡಿಗೆ ಹೋಗಿದ್ದಳು. ಅವಳು ವಾಪಸ್ ಬರುವಷ್ಟರಲ್ಲಿ ನಾನು ಅವನನ್ನು ರಾಯಪುರದಲ್ಲಿ ಬಿಟ್ಟು ಬಂದಿದ್ದೆ. ಪಂಪಿನ ಹತ್ತಿರ ನಕ್ಕರು ಎಂದೆನಲ್ಲ, ಅವರು ನಾಯಿಯನ್ನು ನೋಡಿ ನಗಲಿಲ್ಲ, ನನ್ನನ್ನು ನೋಡಿ ನಕ್ಕರು. ಎಲ್ಲರನ್ನೂ ನಗಿಸುವವನಿಗೆ ಅದನ್ನು ತಡೆಯಲಾಗಲಿಲ್ಲ ಮಗಳೇ, ಬೇರೆ ಯಾವ ಕಾರಣವೂ ಇಲ್ಲ. ಅವಳು ಖಾಲಿ ಚೈನು ನೋಡಿದಳು, ರಾತ್ರಿ ಊಟ ಮಾಡಲಿಲ್ಲ. ಭಾನುವಾರ ನಿನ್ನ ಹತ್ತಿರ ತಾನೂ ಸೇರಿ ಕಳಿಸಿದೆವು ಎಂದು ಹೇಳಿದಳು. ಇದನ್ನು ನಿನಗೆ ತಿಳಿಸಬೇಡಿ ಎಂದಿದ್ದಾಳೆ, ಅದಕ್ಕೇ ಕಾಗದದಲ್ಲಿ ಬರೆಯುತ್ತಿದ್ದೇನೆ. ಕೋಪ ನನ್ನ ಮೇಲೆ ಇಟ್ಟುಕೋ, ಎಷ್ಟು ದಿನ ಬೇಕಾದರೂ. ಈ ಭಾನುವಾರ ಫೋನ್ ಮಾಡು. ನಾನು ಹೊರಗೆ ಹೋಗಿರುತ್ತೇನೆ, ಹತ್ತು ನಿಮಿಷವೂ ಅವಳದೇ. ಇಗೋ, ಕರೆಯುತ್ತಿದ್ದಾಳೆ. "ಏನ್ರೀ, ಇನ್ನೂ ಎಷ್ಟೊತ್ತು ಬರೀತೀರ, ಅನ್ನ ಆರೋಯ್ತದೆ. ಬೋಂಡ ಆಗ್ಲೇ ನಾಲ್ಕನೇ ಗುಳಿಗೆ ಬಂದವ್ನೆ!" ಹೊರಟೆ.