ಗೋರಿಯ ಮೇಲಿನ ಬರಹ

ವಿದರ್ಲಿ ಗ್ರಾಮ, ಇಂಗ್ಲೆಂಡ್
ಮೇ ೧೭೩೮

ಮಾನ್ಯ ಥರ್ಸ್ಟನ್ ಅವರಿಗೆ,

ವಂದನೆಗಳು. ನಮ್ಮ ನಾಡಿನ ವಿದ್ಯಾವತಿಯರ ಚರಿತ್ರೆ ಬರೆಯುತ್ತಿರುವ ನೀವು, ಗ್ರೀಕ್ ಬಲ್ಲ ಹೆಪ್ಸಿಬಾ ಲವೆಲ್ ಅವರ ಗೋರಿಯ ಮೇಲಿನ ಬರಹವನ್ನು ನಕಲು ಮಾಡಿ ಕಳಿಸಿರೆಂದು ಇಲ್ಲಿನ ಪಾದ್ರಿಗಳನ್ನು ಕೇಳಿದ್ದಿರಿ. ಅವರು ನಗು ತಡೆಯಲಾರದೆ ಆ ಕಾಗದವನ್ನು ನನ್ನ ಶಾಲೆಗೇ ತಂದರು.

"ಅಮ್ಮಾ, ನಿಮ್ಮ ಗೋರಿ ಮೇಲೆ ಏನು ಬರೆದಿದೆ ಅಂತ ಕೇಳಿದಾರೆ. ಏನು ಹೇಳ್ಲಿ?"

"ಕಲ್ಲೇ ಇನ್ನೂ ಬಂದಿಲ್ಲ ಅನ್ನಿ," ಎಂದೆ.

ತಪ್ಪು ನಿಮ್ಮದಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಪುಸ್ತಕಗಳ ಜೊತೆ ನನ್ನವೂ ಹರಾಜಾದವು. ಆಮೇಲೆ ಈ ಹಳ್ಳಿಗೆ ಬಂದವಳು ಹಳೆಯ ಪರಿಚಿತರಿಗೆ ಕಾಗದ ಬರೆಯಲಿಲ್ಲ, ಸತ್ತೆನೆಂದೇ ಅವರು ತಿಳಿದಿರಬೇಕು. ಅಂದಿನಿಂದ ಇಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಅಕ್ಷರ ಕಲಿಸುತ್ತಿದ್ದೇನೆ. ಗ್ರೀಕ್ ಬರುತ್ತದೆಂದು ಇಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ತಾಯಂದಿರು ಹೆದರಿ ಮಕ್ಕಳನ್ನು ಬಿಡಿಸಿಬಿಡುತ್ತಿದ್ದರು.

ನಿಮ್ಮ ಪುಸ್ತಕದಲ್ಲಿ ಬದುಕಿರುವವರಿಗೆ ಜಾಗವಿಲ್ಲವಂತೆ. ನನ್ನ ಬಗ್ಗೆ ಬರೆದ ಹಾಳೆಗಳನ್ನು ಹರಿಯಬೇಡಿ, ಎತ್ತಿಡಿ. ಶನಿವಾರ ಮಧ್ಯಾಹ್ನ ಶಾಲೆ ಇರುವುದಿಲ್ಲ, ಬಿಡುವಾದರೆ ಬನ್ನಿ. ಬರುವಾಗ ಯಾವುದಾದರೂ ಒಂದು ಗ್ರೀಕ್ ಪುಸ್ತಕ ತನ್ನಿ. ಓದಿ ಜೋಪಾನವಾಗಿ ಹಿಂತಿರುಗಿಸುತ್ತೇನೆ.

ಇಷ್ಟು ವರ್ಷಗಳಲ್ಲಿ ನನ್ನನ್ನು ಹುಡುಕಿದವರು ನೀವೊಬ್ಬರೇ, ಸ್ಮಶಾನದಲ್ಲಾದರೂ ಸರಿ.

ಇನ್ನೂ ಬದುಕಿರುವ,
ಹೆಪ್ಸಿಬಾ ಲವೆಲ್